ಅಪ್ಪ ಹಾಕಿದ ಇನ್ನೊಂದು ಸುತ್ತು

ಮೊನ್ನೆ ಶನಿವಾರ ಬೆಳಿಗ್ಗೆ ಬಟ್ಟೆ ಹರವಲು ಮಹಡಿಗೆ ಹೋದಾಗ ಕಡಲೆಕಾಯಿ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಚಳ್ಳಕೆರೆಯವರಿಗೆ ಇದೊಂದು ಸುದ್ದಿಯಲ್ಲ; ಎಣ್ಣೆ ಮಿಲ್ಲುಗಳ ಊರಿನಲ್ಲಿ ಗಾಳಿಗೂ ಅಡುಗೆಮನೆಯ ಗುಣ ಬಂದಿರುತ್ತದೆ. ಆದರೆ ನಮ್ಮ ಮನೆಯಲ್ಲಿ ಆ ವಾಸನೆಗೆ ಖಚಿತವಾದ ಅರ್ಥವಿತ್ತು. ಮಿಲ್ಲು ಇರುವುದು ಪಡುವಣಕ್ಕೆ. ಆದ್ದರಿಂದ ವಾಸನೆ ಬಂದ ದಿನ ಪಡುವಣ ಗಾಳಿ. ಅದು ಸಾಲದೆಂಬಂತೆ ನೀರಿನ ಟ್ಯಾಂಕಿನ ಪೈಪಿಗೆ ಅಪ್ಪ ಒಂದು ರೇಷ್ಮೆಯ ಪಟ್ಟಿಯನ್ನು ಕಟ್ಟಿದ್ದರು. ಮೊಳಕಾಲ್ಮೂರಿನ ಮಗ್ಗದಲ್ಲಿ ಉಳಿದ ತುಂಡು ಅದು. ಒಂದು ಕಾಲದಲ್ಲಿ ಗಿಳಿಹಸಿರಾಗಿತ್ತು. ಈಗ ಹಾಗೆಂದು ಸಾಬೀತು ಮಾಡಲು ಸಾಕ್ಷಿಗಳು ಬೇಕು. ತುದಿ ನಾಲ್ಕು ಸೀಳಾಗಿದ್ದರೂ ಮೂಡಣದ ಕಡೆಗೆ ಚಾಚಿಕೊಂಡು ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಬಕೆಟ್ಟನ್ನು ಕೆಳಗಿಟ್ಟು ಅದನ್ನೇ ನೋಡುತ್ತ ನಿಂತೆ. ಅಂದು ಸಂಜೆ ಒಂದು ಸಭೆಗೆ ಹೋಗಿ, ಎರಡು ತಿಂಗಳ ಹಿಂದೆ ನಾನೇ ಗೆದ್ದಿದ್ದ ವಾದವನ್ನು ನಾನೇ ಹಿಂದಕ್ಕೆ ಪಡೆಯಬೇಕಾಗಿತ್ತು. ಹೋಗುವುದೋ ಬೇಡವೋ ಎಂಬುದು ಆ ಗಳಿಗೆಯವರೆಗೂ ನಿರ್ಧಾರವಾಗಿರಲಿಲ್ಲ.

ಅಪ್ಪ ವಿಮಾನ ಚಾಲಕರಾಗಿದ್ದರು. ಮೂರು ದಶಕಕ್ಕೂ ಮೀರಿ ಪ್ರಯಾಣಿಕರ ವಿಮಾನಗಳನ್ನು ಹಾರಿಸಿ, ನಿವೃತ್ತರಾದ ಮೇಲೆ ಚಳ್ಳಕೆರೆಗೆ ಬಂದು ನೆಲೆಸಿದರು. ಹೋದ ವರ್ಷ ತೀರಿಕೊಂಡರು. ವಿಮಾನ ಹಾರಿಸುವವರೆಂದರೆ ನೀವು ಊಹಿಸಿಕೊಳ್ಳುವ ಠೀವಿ ಅವರಲ್ಲಿರಲಿಲ್ಲ. ತರಕಾರಿಗೆ ಹೊರಟರೂ ಸ್ಕೂಟರಿನ ಮುಂದೆ ನಿಂತು, “ಪೆಟ್ರೋಲು, ಗಾಳಿ, ಬ್ರೇಕು, ಚೀಲ” ಎಂದು ಗಟ್ಟಿಯಾಗಿ ಹೇಳಿ, ಒಂದೊಂದನ್ನೂ ಮುಟ್ಟಿ ನೋಡಿಯೇ ಕೀಲಿ ತಿರುಗಿಸುತ್ತಿದ್ದರು. ಅವ್ವ ಪಕ್ಕದಲ್ಲಿ ನಿಂತು “ಹೆಂಡ್ತಿ” ಎಂದು ಆ ಪಟ್ಟಿಗೆ ಸೇರಿಸುತ್ತಿದ್ದಳು. ಅದಕ್ಕೆ ಕಾರಣವಿತ್ತು. ಒಮ್ಮೆ ಅವಳು ಹತ್ತುವ ಮೊದಲೇ ಹೊರಟು, ಬಸ್ ಸ್ಟ್ಯಾಂಡಿನವರೆಗೂ ಅವಳೊಂದಿಗೆ ಮಾತಾಡಿಕೊಂಡೇ ಹೋಗಿದ್ದರಂತೆ.

ದಿನದ ಮೊದಲ ಪ್ರಶ್ನೆಯೂ ಬದಲಾಗುತ್ತಿರಲಿಲ್ಲ. ಕಾಫಿ ಲೋಟ ಹಿಡಿದು ಅಂಗಳದಲ್ಲಿ ಕೂತು ಮಹಡಿಯ ಮೇಲಿದ್ದ ನನ್ನನ್ನು ಕೇಳುತ್ತಿದ್ದರು: “ಗಾಳಿ ಎತ್ತ ಐತವ್ವ?” ನಾನು ಪತ್ರಿಕೆಯಿಂದ ತಲೆಯೆತ್ತದೆ “ಪಡುವಣ” ಎನ್ನುತ್ತಿದ್ದೆ. ಈ ಸೀಮೆಯಲ್ಲಿ ವರ್ಷದ ಅರ್ಧ ಭಾಗ ಅದು ನಿಜವೂ ಆಗಿರುತ್ತಿತ್ತು. ಅಪ್ಪ ಮಾತ್ರ ಒಪ್ಪುತ್ತಿರಲಿಲ್ಲ. “ನೋಡಿ ಹೇಳು,” ಎನ್ನುತ್ತಿದ್ದರು. ಉತ್ತರ ಸರಿಯಿದ್ದಾಗಲೂ ಅದೇ ಮಾತು. ಇದು ಅನ್ಯಾಯವೆಂದು ನಾನು ಹಲವು ಬಾರಿ ವಾದಿಸಿದ್ದೇನೆ.

ವಾದದ ಪ್ರಸ್ತಾಪಕ್ಕೆ ಮೊದಲು ಅಜ್ಜನ ವಿಷಯ ಹೇಳಿಬಿಡಬೇಕು. ಅಜ್ಜ ಮೊಳಕಾಲ್ಮೂರಿನಲ್ಲಿ ಗುಂಡಿ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದವರು. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು, ಮೆಟ್ಟುಹಲಗೆಗಳನ್ನು ಒಂದಾದಮೇಲೊಂದು ಒತ್ತುತ್ತ ಐವತ್ತು ವರ್ಷ ಕಳೆದವರು. ಮಗ ವಿಮಾನ ನಡೆಸುವುದನ್ನು ಕಲಿತು ಊರಿಗೆ ಬಂದಾಗ ಓಣಿಯ ಜನರೆಲ್ಲ ಎಷ್ಟು ಎತ್ತರ, ಎಷ್ಟು ವೇಗ ಎಂದು ಕೇಳಿದರಂತೆ. ಅಜ್ಜ ಮನೆಯ ತೆಲುಗಿನಲ್ಲಿ ಕೇಳಿದ್ದು ಒಂದೇ ಮಾತು: “ಕಾಳ್ಳಕೇಂ ಪನಿ ರಾ?” ಕಾಲಿಗೇನು ಕೆಲಸವೋ ಎಂದು. ವಿಮಾನದಲ್ಲಿಯೂ ಎಡಕ್ಕೊಂದು ಬಲಕ್ಕೊಂದು ಮೆಟ್ಟುವ ಹಲಗೆಗಳಿವೆ, ಮೂತಿ ನೇರ ನಿಲ್ಲಬೇಕಾದರೆ ಎರಡೂ ಕಾಲು ಎಚ್ಚರವಾಗಿರಬೇಕು ಎಂದು ಅಪ್ಪ ವಿವರಿಸಿದರು. ಅಜ್ಜನಿಗೆ ಸಮಾಧಾನವಾಯಿತು. “ಹಂಗಾದ್ರೆ ಅದೂ ಮಗ್ಗನೇ ಬಿಡು. ಕುಲಕಸುಬು ಬಿಟ್ಟ ಅಂತ ಯಾರೂ ಅನ್ನಂಗಿಲ್ಲ,” ಎಂದು ಮತ್ತೆ ಗುಂಡಿಗೆ ಇಳಿದರಂತೆ.

ನಾನು ಹಿಡಿದ ಕಸುಬು ಮಾತು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನ್ನ ಹೆಸರು ಕೇಳಿ ಎದುರಾಳಿಗಳು ಬೆವರುತ್ತಿದ್ದರೆಂದು ನಾನು ನಂಬಿದ್ದೆ. ಎದುರಾಳಿಯ ಮಾತಿನಲ್ಲಿ ಒಂದು ಸಡಿಲ ಪದ ಸಿಕ್ಕರೆ ಸಾಕು, ಅದರಿಂದಲೇ ಅವರನ್ನು ಕಟ್ಟಿಹಾಕುವುದು. ತನ್ನ ಪಕ್ಷದ ತಪ್ಪನ್ನು ಪ್ರಾಣ ಹೋದರೂ ಒಪ್ಪದಿರುವುದು: ಇವೆರಡು ವಿದ್ಯೆಗಳಿಂದ ನಾನು ಸಮಾಜವನ್ನು ತಿದ್ದಿಬಿಡುವವಳಿದ್ದೆ.

ಅಂತಹ ದಿನಗಳಲ್ಲೊಮ್ಮೆ ದೆಹಲಿಯಲ್ಲಿ ಮೊದಲ ಬಹುಮಾನ ಗೆದ್ದು, ತೊಡೆಯ ಮೇಲೆ ಷೀಲ್ಡು ಇಟ್ಟುಕೊಂಡು ಬೆಂಗಳೂರಿಗೆ ಹಿಂದಿರುಗುತ್ತಿದ್ದೆ. ವಿಮಾನ ನಡೆಸುತ್ತಿದ್ದವರು ಅಪ್ಪ. ಪಕ್ಕದಲ್ಲಿ ಕೂತಿದ್ದ ಜವಳಿ ವ್ಯಾಪಾರಿಯೊಬ್ಬರಿಗೆ ಆ ಸಂಗತಿಯನ್ನು ನಾನು ಮೂರು ಸಲವಾದರೂ ತಿಳಿಸಿದ್ದೆ. ಬೆಂಗಳೂರು ಬಂತು. ಮರಗಳು, ರಸ್ತೆ, ರಸ್ತೆಯ ಮೇಲಿನ ಸೈಕಲ್ಲು ಕಾಣುವಷ್ಟು ಕೆಳಗೆ ಬಂದೆವು. ಇನ್ನೇನು ಚಕ್ರ ನೆಲ ಮುಟ್ಟಬೇಕು, ಅಷ್ಟರಲ್ಲಿ ಎಂಜಿನ್ನುಗಳು ಗುಡುಗಿ, ವಿಮಾನ ಮೂತಿಯೆತ್ತಿ ಮತ್ತೆ ಆಕಾಶಕ್ಕೆ ಹತ್ತಿತು. ಯಾರೋ ದೇವರನ್ನು ಕರೆದರು. ಸ್ವಲ್ಪ ಹೊತ್ತಿನ ಮೇಲೆ ಧ್ವನಿವರ್ಧಕದಲ್ಲಿ ಅಪ್ಪನ ದನಿ ಬಂತು. ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಹೇಳಿ, ಕೊನೆಗೆ ಕನ್ನಡದಲ್ಲಿ: “ಇಳಿಯುವಾಗ ನಾನು ಇರಬೇಕಾದ್ದಕ್ಕಿಂತ ಎತ್ತರದಲ್ಲಿ ಬಂದೆ. ತಪ್ಪು ನನ್ನದು. ಇನ್ನೊಂದು ಸಲ ಸರಿಯಾಗಿ ಬರುತ್ತೇನೆ.”

ವ್ಯಾಪಾರಿಯವರು ಬೆವರು ಒರೆಸಿಕೊಂಡು ನನ್ನತ್ತ ತಿರುಗಿದರು. “ನಿಮ್ಮ ತಂದೆಯವರಿಗೆ ರಾತ್ರಿ ನಿದ್ದೆ ಆಗಿಲ್ವೇನಮ್ಮ?” ಎಂದರು. ನಾನು ಕಿಟಕಿಯ ಹೊರಗೆ ಬಹಳ ಮುಖ್ಯವಾದದ್ದೇನನ್ನೋ ನೋಡುತ್ತಿರುವವಳಂತೆ ಕೂತೆ. ಎರಡನೆಯ ಸಲ ವಿಮಾನ ಹೂವಿನಂತೆ ಇಳಿಯಿತು. ಅದನ್ನು ಅವರಿಗೆ ತೋರಿಸಿ ಹೇಳುವ ಧೈರ್ಯವೂ ನನಗೆ ಬರಲಿಲ್ಲ.

ಮನೆಗೆ ಹೋಗುವ ಕಾರಿನಲ್ಲಿ ಅಪ್ಪನನ್ನು ತರಾಟೆಗೆ ತೆಗೆದುಕೊಂಡೆ.

“ಅಷ್ಟು ಜನದ ಮುಂದೆ ತಪ್ಪು ನನ್ನದು ಅನ್ನಬೇಕಿತ್ತಾ ಅಪ್ಪ? ಗಾಳಿ ಸರಿಯಿರಲಿಲ್ಲ ಅಂದಿದ್ರೆ ಯಾರು ಕೇಳ್ತಿದ್ರು?”

“ಗಾಳಿ ಪಾಪ ಏನು ಮಾಡಿತ್ತವ್ವ? ಅದು ಸರಿಯಾಗೇ ಇತ್ತು.”

“ಸೋತಂಗೆ ಆಗಲಿಲ್ವಾ?”

ಅಪ್ಪ ನನ್ನ ಷೀಲ್ಡನ್ನು ತೆಗೆದುಕೊಂಡು ಅಕ್ಷರಗಳ ಮೇಲೆ ಬೆರಳಾಡಿಸಿದರು. “ಹಠ ಹಿಡಿದು ಇಳಿಸಿದ್ರೆ ಇಳೀತಿತ್ತೇನೋ. ನೂರು ಜನ ಕೂತಿದ್ರು ಹಿಂದೆ. ಅವರ್ಯಾರೂ ನನ್ನ ಹಠ ನೋಡಾಕೆ ಟಿಕೆಟ್ ತಗಂಡಿರಲಿಲ್ಲ. ನಿನ್ನ ಸಭೇಲಿ ತೀರ್ಪುಗಾರರನ್ನ ಒಪ್ಪಿಸಬೌದು ಕಣವ್ವ. ನೆಲ ಒಪ್ಪಲ್ಲ.”

ನಾನು ಇದಕ್ಕೂ ಒಂದು ಪ್ರತಿವಾದ ಹೂಡಿದೆ. ಏನೆಂದು ಈಗ ನೆನಪಿಲ್ಲ. ಅಪ್ಪ ನಕ್ಕದ್ದು ನೆನಪಿದೆ.

ಈಗ ಆ ಶನಿವಾರದ ಸಭೆಗೆ ಬರುತ್ತೇನೆ. ಕೊಂಡ್ಲಹಳ್ಳಿಯಿಂದ ಆಚೆಗೆ ಒಂದು ಸಣ್ಣ ಹಳ್ಳಿಯಲ್ಲಿ, ಶಾಲೆ ಬಿಟ್ಟ ಮೇಲೆ ಹೆಣ್ಣುಮಕ್ಕಳು ಕೂತು ಓದಲು ನಾವು ಕೆಲವರು ಒಂದು ಕೋಣೆ ನಡೆಸುತ್ತಿದ್ದೇವೆ. ಅದು ಗುಡಿಯ ಪಕ್ಕದ ಹಳೆಯ ಕೋಣೆ. ಮಳೆ ಬಂದರೆ ಸೋರುತ್ತಿತ್ತು. ಊರಾಚೆ ಹೊಸ ಸಮುದಾಯ ಭವನ ಎದ್ದಾಗ, ಓದುವ ಕೋಣೆಯನ್ನು ಅಲ್ಲಿಗೆ ಒಯ್ಯಬೇಕೆಂದು ಊರ ಸಭೆಯಲ್ಲಿ ನಾನು ಸೂಚಿಸಿದೆ. ಓಬಮ್ಮ ಎಂಬ ಮುದುಕಿ ಎದ್ದು ನಿಂತಳು. ಕೂಲಿಗೆ ಹೋಗುವವಳು, ಅವಳ ಮೊಮ್ಮಗಳು ನಮ್ಮಲ್ಲಿ ಓದುತ್ತಿದ್ದಳು. “ಆ ದಾರಿ ಸರಿಯಿಲ್ರೀ ಮೇಡಮ್ಮೋರೆ,” ಎಂದಳು. ಅಷ್ಟೇ ಹೇಳಿದಳು. ನನಗೆ ಅಷ್ಟೇ ಸಾಕಾಗಿತ್ತು. “ದಾರಿ ಸರಿಯಿಲ್ಲದಿದ್ದರೆ ದಾರಿಯನ್ನು ತಿದ್ದಬೇಕೇ ಹೊರತು ಹೆಣ್ಣುಮಕ್ಕಳ ಹೆಜ್ಜೆಯನ್ನಲ್ಲ,” ಎಂದೆ. ಸಭೆ ಚಪ್ಪಾಳೆ ತಟ್ಟಿತು. ಓಬಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೂತಳು. ಅವಳು ಇನ್ನೇನು ಹೇಳುವವಳಿದ್ದಳೆಂದು ನಾನು ಕೇಳಲಿಲ್ಲ.

ಹೊಸ ಭವನಕ್ಕೆ ಹೋಗುವ ದಾರಿಯಲ್ಲಿ ಸಂಜೆ ಕುಡಿಯುವವರ ಗುಂಪು ಕೂರುತ್ತದೆ. ಊರಿನ ಹೆಂಗಸರಿಗೆಲ್ಲ ಅದು ಗೊತ್ತಿತ್ತು. ನಾನು ಹಗಲು ಕಾರಿನಲ್ಲಿ ಹೋಗಿ ಬಂದವಳು. ಹನ್ನೊಂದು ಹುಡುಗಿಯರು ಬರುತ್ತಿದ್ದರು. ಮೊದಲ ವಾರ ಏಳು ಮಂದಿಯಾದರು, ಆಮೇಲೆ ಮೂವರು. ಓಬಮ್ಮನ ಮೊಮ್ಮಗಳಿಗೆ ಗಂಡು ನೋಡುತ್ತಿದ್ದಾರೆಂಬ ಸುದ್ದಿ ಬಂತು. ಪರೀಕ್ಷೆಗೆ ಮೂರು ತಿಂಗಳಿತ್ತು. ಪೊಲೀಸರಿಗೆ ಅರ್ಜಿ ಕೊಟ್ಟೆ, ದೀಪದ ಕಂಬಕ್ಕೆ ಅರ್ಜಿ ಕೊಟ್ಟೆ. ಎರಡೂ ಸರಿಯಾದ ಕೆಲಸಗಳೇ, ಈಗಲೂ ಬಿಟ್ಟಿಲ್ಲ. ಆದರೆ ಅವು ಫಲ ಕೊಡುವವರೆಗೆ ಹುಡುಗಿಯರು ಕಾಯುವಂತಿರಲಿಲ್ಲ. ಜಾಗ ಬದಲಿಸಿದ್ದು ತಪ್ಪೆಂದು ಹೇಳುವುದೊಂದೇ ಉಳಿದಿತ್ತು. ಅದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡುತ್ತಿದ್ದೆ.

ಮಹಡಿಯಿಂದ ಇಳಿದು ಬಂದವಳೇ ಹೊರಡುವುದೆಂದು ನಿಶ್ಚಯಿಸಿದೆ. ದಾರಿಯಲ್ಲಿ ಭಾಷಣ ಕಟ್ಟಿದೆ. ಅದರಲ್ಲಿ “ಬದಲಾದ ಪರಿಸ್ಥಿತಿಯಲ್ಲಿ” ಎಂಬ ಮಾತಿತ್ತು, “ಎಲ್ಲರ ಅಭಿಪ್ರಾಯದ ಮೇರೆಗೆ” ಎಂಬುದಿತ್ತು. ಸಭೆಯಲ್ಲಿ ಎದ್ದು ನಿಂತಾಗ ಓಬಮ್ಮ ಕಂಬಕ್ಕೆ ಒರಗಿ ಕೂತಿರುವುದು ಕಂಡಿತು. ಕಟ್ಟಿದ್ದೆಲ್ಲ ಬಿಟ್ಟೆ. “ಆ ದಾರಿ ಸರಿಯಿಲ್ಲ ಅಂತ ಓಬಮ್ಮ ಹೇಳಿದ್ರು. ನಾನು ಕೇಳಲಿಲ್ಲ. ತಪ್ಪು ನನ್ನದು. ಸೋಮವಾರದಿಂದ ಹಳೇ ಕೋಣೇಲೇ ಓದೋಣ,” ಎಂದು ಕೂತೆ. ನನ್ನ ಜೀವಮಾನದ ಅತಿ ಚಿಕ್ಕ ಭಾಷಣ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಓಬಮ್ಮ ಎಲೆ ಅಡಿಕೆ ಉಗಿದು ಬಂದಳು. “ಅವತ್ತು ಜನ ಚಪ್ಪಾಳೆ ತಟ್ಟಿದ್ದು ಯಾಕೆ ಅಂತ ನಂಗೆ ತಿಳೀಲಿಲ್ಲ. ಇವತ್ತು ಯಾರೂ ತಟ್ಟಲಿಲ್ಲ, ಮಾತು ತಿಳೀತು,” ಎಂದಳು.

“ಆ ಕೋಣೆ ಸೋರತ್ತಲ್ಲಮ್ಮ,” ಎಂದೆ.

“ಸೋರೋದು ನಾವು ನೋಡ್ಕಂತೀವಿ. ಹುಡುಗೀರ್ನ ನೀನು ನೋಡ್ಕ.” ‘ಮೇಡಮ್ಮೋರು’ ಎಲ್ಲೋ ಉದುರಿಹೋಗಿತ್ತು.

“ನಿಮ್ಮ ಮೊಮ್ಮಗಳು?”

“ಪರೀಕ್ಷೆ ಆಗ್ಲಿ, ಆಮೇಲೆ ಕಾಲೇಜೂ ಐತೆ ಅಂತ ಗಂಡಿನ ಕಡೆಯೋರಿಗೆ ಹೇಳಿ ಕಳಿಸ್ತೀನಿ. ನೀನು ಇನ್ನೊಂದ್ಸಲ ಜಾಗ ಬದಲಾಯಿಸಬ್ಯಾಡ, ಅಷ್ಟೇ.”

ಸೋಮವಾರ ಒಂಬತ್ತು ಹುಡುಗಿಯರು ಬಂದರು. ಓಬಮ್ಮನ ಮೊಮ್ಮಗಳು ಎಲ್ಲರಿಗಿಂತ ಮೊದಲು ಬಂದು ಚಾಪೆ ಹಾಸಿದ್ದಳು. ಇನ್ನಿಬ್ಬರ ಮನೆಗೆ ಈ ವಾರ ಹೋಗುವವಳಿದ್ದೇನೆ; ಮಾತಾಡುವುದಕ್ಕಿಂತ ಮೊದಲು ಕೇಳಿಕೊಂಡು ಬರಲು.

ಇಂದು ಬೆಳಿಗ್ಗೆ ಮಹಡಿಯ ಮೇಲೆ ಅಪ್ಪನ ಪಟ್ಟಿಯನ್ನು ಬಿಚ್ಚಿದೆ. ಅವರ ಕೈಯ ಗಂಟೆಂದು ವರ್ಷವಿಡೀ ಮುಟ್ಟದೆ ಬಿಟ್ಟಿದ್ದೆ. ಆದರೆ ಅಪ್ಪ ಅದನ್ನು ಕಟ್ಟಿದ್ದು ಗಾಳಿಯನ್ನು ತಿಳಿಯಲು, ಪೂಜೆಗಲ್ಲ. ಸೀಳಿದ ಪಟ್ಟಿ ನಾಲ್ಕು ಕಡೆಗೆ ನಾಲ್ಕು ಮಾತು ಹೇಳುತ್ತದೆ. ಮೊಳಕಾಲ್ಮೂರಿನ ಚಿಕ್ಕಪ್ಪನ ಮನೆಯಿಂದ ತಂದ ಹೊಸ ತುಂಡನ್ನು ಅದೇ ಪೈಪಿಗೆ ಬಿಗಿದೆ. ಈ ಸಲ ಕುಂಕುಮ ಬಣ್ಣದ್ದು. ಕೆಳಗಿನಿಂದ ಅವ್ವ ಕಾಫಿ ಲೋಟ ಹಿಡಿದು, ಇಷ್ಟು ದಿನ ಯಾರೂ ಕೇಳದಿದ್ದ ಪ್ರಶ್ನೆಯನ್ನು ಕೇಳಿದಳು.

“ಗಾಳಿ ಎತ್ತ ಐತವ್ವ?”

ಎಣ್ಣೆಯ ವಾಸನೆ ಮೂಗಿಗೆ ಬಂದಿತ್ತು. ಉತ್ತರ ನಾಲಗೆಯ ತುದಿಯಲ್ಲಿತ್ತು.

“ತಡಿಯವ್ವ,” ಎಂದೆ. “ನೋಡಿ ಹೇಳ್ತೀನಿ.”