ಕೊಸರು ಕಾಯಿಯ ಬೆಲೆ

ಪುಟ್ಟಬಸಪ್ಪ ಮೇಷ್ಟ್ರಿಗೆ ಕಪ್ಪುಹಲಗೆ ಇರಲಿಲ್ಲ, ಶಟರ್ ಇತ್ತು. ಚನ್ನರಾಯಪಟ್ಟಣದ ಹಳೆಯ ಕೊಬ್ಬರಿ ಮಳಿಗೆಯೊಂದರ ಶಟರನ್ನು ಕೆಳಗೆಳೆದು, ಅದರ ಒಳಮೈಗೆ ಬಳಿದ ಕಪ್ಪು ಬಣ್ಣದ ಮೇಲೆ ಬರೆಯುತ್ತಿದ್ದರು. ಒಂದೊಂದು ತಗಡಿನ ಪಟ್ಟಿಗೆ ಒಂದೊಂದು ಸಾಲು. ಪಾಠ ಮುಗಿದು ಶಟರ್ ಎತ್ತಿದರೆ ನಮ್ಮ ಜಮಾ-ಖರ್ಚೆಲ್ಲ ಗಡಗಡನೆ ಸುತ್ತಿಕೊಂಡು ಮೇಲೆ ಹೋಗುತ್ತಿತ್ತು.

ಮೇಷ್ಟ್ರು ಎಂಬುದು ನಾವಿಟ್ಟ ಹೆಸರು. ಮೂವತ್ತು ವರ್ಷ ತೆಂಗಿನಕಾಯಿ ಮಂಡಿಯಲ್ಲಿ ಗುಮಾಸ್ತರಾಗಿದ್ದು, ಆಮೇಲೆ ಪಿಯುಸಿ ಮಕ್ಕಳಿಗೆ ಅಕೌಂಟೆನ್ಸಿ ಹೇಳಿಕೊಡತೊಡಗಿದವರು. ಪುಸ್ತಕದೊಳಗಿನ ಕಂಪನಿಗಳ ಮೇಲೆ ಅವರಿಗೆ ನಂಬಿಕೆಯಿರಲಿಲ್ಲ. "ಯಾರವ್ವ ಇವ್ನು ಎಕ್ಸ್ ಲಿಮಿಟೆಡ್ಡು? ಎಲ್ಲೈತೆ ಇವನ ಅಂಗಡಿ?" ಎಂದು ಎಲ್ಲ ಲೆಕ್ಕವನ್ನೂ ಕಾಯಿ ವ್ಯಾಪಾರಕ್ಕೆ ಇಳಿಸಿಬಿಡುತ್ತಿದ್ದರು. ಯಾರಾದರೂ ಕೂತಲ್ಲಿಂದಲೇ ಉತ್ತರ ಕೂಗಿದರೆ, "ಬಾಯ್ಲೆಕ್ಕ ಬ್ಯಾಡ ಕಣ್ಲಾ, ಬರ್ದು ತೋರ್ಸು" ಎನ್ನುವರು.

ನಾನಾಗ ಚರ್ಚಾ ಸ್ಪರ್ಧೆಗಳಲ್ಲಿ ಬಹುಮಾನ ಹೊತ್ತು ತರುತ್ತಿದ್ದವಳು. ಎದುರಾಳಿ ಉಸಿರೆಳೆದುಕೊಳ್ಳುವ ಸಂದಿಯಲ್ಲಿ ಮಾತು ತೂರಿಸುವುದನ್ನು ಕಲಿತಿದ್ದೆ, ಸುಮ್ಮನಿರುವುದನ್ನು ಕಲಿತಿರಲಿಲ್ಲ.

ಒಂದು ಸಂಜೆ ಮೇಷ್ಟ್ರು ಕೇಳಿದರು: "ನೂರು ಕಾಯಿಗೆ ಎರಡು ಸಾವಿರದ ಎಂಬತ್ತು ರೂಪಾಯಿ. ಮ್ಯಾಲೆ ನಾಲ್ಕು ಕಾಯಿ ಕೊಸರು. ನೂರು ಮಾರಾಯ್ತು. ಉಳ್ದಿರೋ ನಾಲ್ಕರ ಬೆಲೆ ಎಷ್ಟು?" ತಾವೇ ನೂರನಾಲ್ಕರಿಂದ ಭಾಗಿಸಿ, ಕಾಯಿಗೆ ಇಪ್ಪತ್ತರಂತೆ ಎಂಬತ್ತು ಎಂದು ಬರೆದರು.

ನಾನು ಎದ್ದು ನಿಂತೆ. "ಕೊಸರು ಅಂದ್ರೆ ಪುಕ್ಕಟೆ ಸಾ. ಪುಕ್ಕಟೆ ಬಂದಿದ್ದಕ್ಕೆ ಬೆಲೆ ಸೊನ್ನೆ."

"ಯಾವ ನಾಲ್ಕು ಪುಕ್ಕಟೆ? ರಾಶಿಲಿ ಎತ್ತಿ ತೋರ್ಸವ್ವ, ನೋಡಣ."

ಉತ್ತರವಿಲ್ಲದಾಗ ವಾದ ಬಿಟ್ಟು ಆಸಾಮಿಯ ಮೇಲೆ ಬೀಳುವುದು ಹೇಡಿತನ ಎಂದು ಎಷ್ಟೋ ವೇದಿಕೆಗಳಲ್ಲಿ ಬೇರೆಯವರನ್ನು ಹಂಗಿಸಿದ್ದವಳು ನಾನೇ. ಆದರೂ ಅಂದೆ: "ಬಿಲ್ಲಲ್ಲಿ ಇಲ್ಲದ ಕಾಯಿಗೆ ಬೆಲೆ ಕಟ್ಟೋದು ಮಂಡೀಲಿ ನಡೆಯುತ್ತೆ ಸಾ, ಪರೀಕ್ಷೇಲಿ ನಡೆಯಲ್ಲ. ಅಂದಹಾಗೆ, ನೀವು ಬಿ.ಕಾಂ. ಓದಿದ್ದು ಎಲ್ಲಿ?"

"ಮಡಗಿದ್ಲು ನೋಡ್ಲಾ!" ಎಂದು ಹಿಂದಿನ ಸಾಲು ನಕ್ಕಿತು. ಮೇಷ್ಟ್ರು ಎಂಬತ್ತನ್ನು ಅಂಗೈಯಿಂದ ಒರೆಸಿದರು. "ಓದಿಲ್ಲ ಕಣವ್ವ. ನಂದು ಎಸ್ಸೆಸ್ಸೆಲ್ಸಿ."

ಮಕ್ಕಳು ಒಬ್ಬೊಬ್ಬರಾಗಿ ಪದವಿ ಇದ್ದವರ ಟ್ಯೂಷನ್ನಿಗೆ ಹೋದರು. ಮೊದಲು ಹೋದವಳು ನಾನು.

ಹಾಸನದಲ್ಲಿ ಬಿ.ಕಾಂ. ಓದುವಾಗ ಅಂಥದೇ ಲೆಕ್ಕ ಬಂತು: ಕೊಂಡ ಸರಕಿನ ಜೊತೆ ಉಚಿತವಾಗಿ ಬಂದ ಸರಕು. ನಮ್ಮ ಉಪನ್ಯಾಸಕಿ ಎರಡನ್ನೂ ಕೂಡಿಸಿಯೇ ಭಾಗಿಸಿದರು. ಪರೀಕ್ಷೆಯಲ್ಲಿ ನಾನೂ ಹಾಗೇ ಬರೆದು ಪೂರ್ತಿ ಅಂಕ ತೆಗೆದುಕೊಂಡೆ. ವಾರವಾರ ಊರಿಗೆ ಬರುತ್ತಿದ್ದೆ. ಮೇಷ್ಟ್ರ ಬೀದಿ ತಪ್ಪಿಸಿ ಸುತ್ತು ಹಾಕಿ ಮನೆ ಸೇರುತ್ತಿದ್ದೆ. ಸರಿ-ತಪ್ಪು ಗೊತ್ತಿಲ್ಲ ಎಂಬ ನೆಪವೂ ಆಗ ನನಗಿರಲಿಲ್ಲ.

ಅವರು ತೀರಿಕೊಳ್ಳುವ ಎರಡು ತಿಂಗಳ ಮುಂಚೆ ಬಸ್ ನಿಲ್ದಾಣದಲ್ಲಿ ಸಿಕ್ಕೇಬಿಟ್ಟರು. ಕೊಣನೂರಿನ ಮಗಳ ಮನೆಗೆ ಹೊರಟಿದ್ದರು. ಪಾಠ ನಡೆಯುತ್ತಿದೆಯೇ ಎಂದು ಕೇಳಿದೆ.

"ಆ ವರ್ಷವೇ ಬುಟ್ಬುಟ್ಟೆ ಕಣವ್ವ. ನನ್ ಲೆಕ್ಕ ನಂಬ್ಕಂಡು ಮಕ್ಕಳು ಫೇಲಾದ್ರೆ? ನೀ ಏಳಿದ್ದು ಒಳ್ಳೇದೇ ಆಯ್ತು."

"ಇಲ್ಲ ಸಾ, ನೀವೇ ಸರಿ. ಎಂಬತ್ತೇ ಸರಿ. ನಮ್ಮ ಕಾಲೇಜಲ್ಲೂ ಹಂಗೇ ಹೇಳಿಕೊಟ್ರು."

ಮೇಷ್ಟ್ರು ನಕ್ಕರು. "ಮುದುಕನ ಸಮಾಧಾನಕ್ಕೆ ಏಳ್ತಿದ್ದೀಯ. ನೀ ಬಾಯಿ ಬುಟ್ರೆ ಇಲ್ದಿದ್ನೂ ಐತೆ ಅನ್ನುಸ್ತೀಯ, ನಂಗೊತ್ತಿಲ್ವಾ?"

ಬಸ್ಸು ಬಂತು. ಅವರು ಹತ್ತಿ ಕೂತ ಕಿಟಕಿಯ ಕೆಳಗೆ ನಿಂತು, ಯಾವ ವೇದಿಕೆಯಲ್ಲೂ ಅಂಗಲಾಚದಷ್ಟು ಅಂಗಲಾಚುತ್ತ, ಮೊದಲಿನಿಂದ ಬಿಡಿಸಿ ಹೇಳತೊಡಗಿದೆ. ಕಂಡಕ್ಟರ್ ಸೀಟಿ ಊದಿದ.

"ಆಯ್ತು ಬುಡವ್ವ," ಎಂದರು ಮೇಷ್ಟ್ರು, "ನೀನೇ ಗೆದ್ದೆ."