ಆಸ್ಪತ್ರೆಯ ಡಿಶ್ ತಿರುಗಿಸಿದ ದಿನ

ನನ್ನ ಹೆಂಡತಿಗೆ ಬಸ್ಸೆಂದರೆ ಆಗುತ್ತಿರಲಿಲ್ಲ. ಕಡಬದಿಂದ ಗುಬ್ಬಿ ಮುಟ್ಟುವಷ್ಟರಲ್ಲಿ ನಿಂಬೆಹಣ್ಣು ಮೂಸಿ ಮೂಸಿ ಸೋತುಹೋಗುತ್ತಿದ್ದಳು. ಅಂಥವಳಿಗೆ ಏದುಸಿರು ಶುರುವಾಯಿತು. ಬೆಂಗಳೂರಿನ ಹೃದಯದ ಡಾಕ್ಟರಿಗೆ ತೋರಿಸಿ ಎಂದರು ಊರಿನ ಡಾಕ್ಟರು.

"ದಾರೀಲೇ ಸತ್ತೋಯ್ತೀನಿ. ನಾ ಬರಲ್ಲ ಬುಡಿ," ಎಂದುಬಿಟ್ಟಳು.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತಿದು. ಗುಬ್ಬಿಯ ಆಸ್ಪತ್ರೆಯೊಂದರಲ್ಲಿ ಟೀವಿ ಇಟ್ಟು, ಬೆಂಗಳೂರಿನ ಡಾಕ್ಟರು ಅದರಲ್ಲೇ ರೋಗಿಗಳನ್ನು ನೋಡುವ ಏರ್ಪಾಡಾಗಿತ್ತು. ಟೀವಿಯಲ್ಲಿ ಕಾಣಬೇಕಲ್ಲ ಎಂದು ಇವಳು ರೇಷ್ಮೆ ಸೀರೆ ಉಟ್ಟಳು. ಜೊತೆಗೆ ಅವಳ ತಮ್ಮನೂ ಹೊರಟ.

ಇಸಿಜಿ ತೆಗೆದು ಬೆಂಗಳೂರಿಗೆ ಕಳಿಸಿದರು. ಪರದೆಯ ಮೇಲೆ ಡಾಕ್ಟರ ಮುಖ ಮೂಡಿದ್ದೇ ಇವಳು ಎದ್ದು ಕೈಮುಗಿದಳು.

"ಕೂತ್ಕೊಳಿ ಅಮ್ಮ."

"ಮೊದ್ಲು ನೀವ್ ಕೂತ್ಕೊಳಿ ಸ್ವಾಮಿ."

"ಕೂತೇ ಇದೀನಿ. ನೋಡಿ, ನಿಮ್ ಹಾರ್ಟಿಗೆ..."

ಅಷ್ಟಕ್ಕೇ ಡಾಕ್ಟರು ಬಾಯಿ ತೆರೆದಂತೆಯೇ ಪರದೆಯಲ್ಲಿ ಚಿತ್ರವಾಗಿ ನಿಂತುಬಿಟ್ಟರು.

ನಮ್ಮೂರಲ್ಲಿ ಟೀವಿ ಕೈಕೊಟ್ಟರೆ ಒಬ್ಬ ಮೇಲೆ ಹತ್ತಿ ಆಂಟೆನಾ ತಿರುಗಿಸುವುದು, ಇನ್ನೊಬ್ಬ ಕೆಳಗಿನಿಂದ ಕೂಗುವುದು ವಾಡಿಕೆ. ನೋಡಿದರೆ ಭಾಮೈದ ಕೋಣೆಯಲ್ಲಿಲ್ಲ. ತಾರಸಿಯ ಮೇಲಿನಿಂದ ದನಿ ಬಂತು: "ಭಾವಾ, ಬಂತಾ?"

ನಾನೂ ಅಭ್ಯಾಸಬಲದಿಂದ ಕಿಟಕಿಗೆ ಹೋದೆ. "ಇಲ್ಲ ಕಣೋ, ಒಂಚೂರು ಎಡಕ್ಕೆ!"

ಎಡಕ್ಕೆ ತಿರುಗಿಸಿದ. ನಿಂತಿದ್ದ ಡಾಕ್ಟರೂ ಮಾಯವಾದರು.

"ಅಯ್ಯೋ, ಅದು ಸ್ಯಾಟಲೈಟ್ ಡಿಶ್ಶು ಕಣ್ರೀ! ಇಳಿಸ್ರೀ ಅವ್ರನ್ನ!" ಡ್ಯೂಟಿಯಲ್ಲಿದ್ದ ಡಾಕ್ಟರಮ್ಮ ತಲೆ ಚಚ್ಚಿಕೊಂಡರು.

"ಒಂದ್ನಿಮಿಷ ಮೇಡಂ," ಎಂದ ಮೇಲಿನವನು. "ಮ್ಯಾಚ್ ಇದ್ದಾಗ ಊರಿಗೆಲ್ಲ ನಾನೇ ಸರಿ ಮಾಡೋದು."

ಇವಳು ಮಾತ್ರ ಖಾಲಿ ಪರದೆಯಿಂದ ಕಣ್ಣು ಕೀಳಲಿಲ್ಲ. "ರೀ, ಹಾರ್ಟಿಗೆ ಅಂದ್ರಲ್ಲ. ಏನಂತೆ?" ಸೆರಗಿನಲ್ಲಿ ಬೆವರು ಒರೆಸಿಕೊಂಡಳು.

ಪಕ್ಕದ ಕೋಣೆಯಲ್ಲಿ ಫೋನು ಹೊಡೆದುಕೊಂಡಿತು. ಬೆಂಗಳೂರಿನ ಡಾಕ್ಟರೇ. ಡಾಕ್ಟರಮ್ಮ ಕೇಳಿಸಿಕೊಂಡು ಬಂದು ಹೇಳಿದರು: "ಆಪರೇಷನ್ ಬೇಡ್ವಂತೆ. ಮಾತ್ರೆ ಸಾಕು. ಆಗಾಗ ಇಲ್ಲಿಗೇ ಬಂದು ತೋರಿಸ್ಕೊಳಿ. ಬೆಂಗ್ಳೂರಿಗೆ ಹೋಗೋದು ಬೇಡ."

"ಬೇಡ ಅಂದ್ರಾ? ಇನ್ನೊಂದ್ಸಲ ಕೇಳ್ರವ್ವ."

ಡಾಕ್ಟರಮ್ಮ ನಿಜವಾಗಿಯೂ ಹೋಗಿ ಇನ್ನೊಂದು ಸಲ ಕೇಳಿದರು. ಮೇಲಿನವನು ಇನ್ನೂ "ಈಗ ಬಂತಾ?" ಎನ್ನುತ್ತಲೇ ಇದ್ದ. ಇವಳೇ ಕಿಟಕಿಗೆ ಬಂದು, "ಬಂತು ಕಣೋ, ಇಳಿ," ಎಂದಳು.

ಆ ಮಾತ್ರೆಗಳ ಮೇಲೆ ಅವಳು ಬಹಳ ವರ್ಷ ನನ್ನ ಜೊತೆಗಿದ್ದಳು. ಹೋದದ್ದು ಈಚೆಗೆ, ಒಂದು ಮಧ್ಯಾಹ್ನ, ನನಗೆ ಮಜ್ಜಿಗೆ ಬಡಿಸಿ ಗೋಡೆಗೆ ಒರಗಿದವಳು ಹಾಗೆಯೇ. ಮನೆಯಲ್ಲಿ. ದಾರಿಯಲ್ಲಲ್ಲ.