ಬಾಳೆಯ ಮರಿಗೆ ತೊಂಡೆಬಳ್ಳಿ ಏನು ಹೇಳಬೇಕು

ಇವತ್ತು ಬೆಳಿಗ್ಗೆ ನಮ್ಮೂರಿನ ರೋಜಾ ಬಡಾವಣೆಯ ದಾರಿಯಲ್ಲಿ ಒಬ್ಬ ಗಾಡಿಯವನು ಕಮಲಾಪುರದ ಕೆಂಪು ಬಾಳೆಹಣ್ಣು ಇಟ್ಟುಕೊಂಡು ನಿಂತಿದ್ದ. ಆ ಹಣ್ಣು ನಿಮಗೆ ಗೊತ್ತಿದೆಯೋ ಇಲ್ಲವೋ, ಕಣ್ಣಿಗಿಂತ ಮೊದಲು ಮೂಗಿಗೆ ಸಿಗುವಂಥದ್ದು. ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೆ. ನನಗೆ ಕಮಲಾಪುರದ ಒಂದು ಶಾಲೆಯ ನಾಲ್ಕನೆಯ ತರಗತಿ ನೆನಪಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ, ಮಕ್ಕಳ ಚಿತ್ರಪುಸ್ತಕಗಳ ಮೇಲೆ ನನಗೆ ಅಂಥ ಭಕ್ತಿಯೇನೂ ಇರಲಿಲ್ಲ. ಟೊಮೆಟೊ ನಗುತ್ತದೆ, ಗಜ್ಜರಿ ಕುಣಿಯುತ್ತದೆ, ಎಲ್ಲರೂ ಕೈಕೈ ಹಿಡಿದುಕೊಂಡು ತೋಟದಲ್ಲಿ ಸುಖವಾಗಿರುತ್ತಾರೆ. ಆಮೇಲೆ? ಆಮೇಲೆ ಪಲ್ಯ. ಆ ಪುಟವನ್ನು ಮಾತ್ರ ಯಾರೂ ಬರೆಯುವುದಿಲ್ಲ. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಳೆದು ಕೆಟ್ಟವಳು. ಸಾರಿಗೆ ಉಪ್ಪು ಕಡಿಮೆ ಅನ್ನಲೂ ನನಗೆ ಪೀಠಿಕೆ, ಸಮರ್ಥನೆ, ಉಪಸಂಹಾರ ಬೇಕು. ಇಂಥವಳಿಗೆ ಸಾರಾ ಗೆಳತಿಯಾದದ್ದೇ ಒಂದು ವಿಚಿತ್ರ. ಮೋಮಿನಪುರದ ಹುಡುಗಿ, ಹತ್ತು ಮಾತು ಕೇಳಿದರೆ ಒಂದು ಆಡುವವಳು. ಯಾರೋ ಕೈಕೊಟ್ಟರೆಂದು ಒಂದು ಸ್ಪರ್ಧೆಗೆ ನನ್ನ ಎದುರಾಳಿಯಾಗಿ ಬಂದಿದ್ದಳು. ನಾನು ಮೇಜು ಗುದ್ದಿ ಮಾತಾಡುತ್ತಿದ್ದರೆ ಆಕೆ ಕೂತು ನನ್ನದೇ ಚಿತ್ರ ಬರೆಯುತ್ತಿದ್ದಳು. ಹಾಳೆಯ ತುಂಬ ಬಾಯಿ, ಉಳಿದ ಮುಖ ಎಲ್ಲೋ ಮೂಲೆಯಲ್ಲಿ. ಸೋತವಳು ಆಕೆ, ಆದರೆ ಆ ಹಾಳೆಯನ್ನು ಇಸಿದುಕೊಳ್ಳಲು ಹಿಂದೆ ಬಿದ್ದವಳು ನಾನು.

ಮುಂದೆ ಆಕೆ ಒಂದು ಚಿತ್ರಪುಸ್ತಕ ಮಾಡಲು ಹೊರಟಾಗ ಮಾತುಗಳನ್ನು ನನಗೆ ವಹಿಸಿದಳು. ಕತೆ ಇಷ್ಟೇ: ಎತ್ತರದ, ಸ್ವಲ್ಪ ಜಂಬದ ಒಂದು ಕೆಂಪು ಬಾಳೆ, ಕೇಳದೆ ಅದರ ಮೈಮೇಲೆ ಹತ್ತುವ ಪುಟ್ಟ ತೊಂಡೆಬಳ್ಳಿ. ಮೊದಲು ಜಗಳ, ಆಮೇಲೆ ಗೆಳೆತನ. ಹಿತ್ತಲಲ್ಲಿ ಇಬ್ಬರೂ ಬಹುಕಾಲ ಸುಖವಾಗಿದ್ದರು.

“ಬಹುಕಾಲ ಹೆಂಗ ಇರ್ತಾವ?” ಎಂದು ನಾನು ಹಿಡಿದುಕೊಂಡೆ. “ಬಾಳಿ ಒಂದೇ ಸಲ ಗೊನಿ ಹಾಕ್ತದ. ಆಮ್ಯಾಲ ಗಿಡಾನೂ ಕಡೀತಾರ.”

“ಇದು ಸಣ್ಣ ಹುಡುಗ್ರ ಪುಸ್ತಕ ಅದ ಯವ್ವಾ, ಅದಾಲತ್ ಅಲ್ಲ.”

“ಹಂಗಂತ ಸುಳ್ಳು ಬರೀಬೇಕೇನು?”

ನಾನು ಗೆದ್ದೆ. ಸಾರಾ ಆ ಪುಟ ಬರೆದಳು: ಹಿತ್ತಲಿನ ಒಡತಿಯ ಕೈಯಲ್ಲಿ ಕುಡುಗೋಲು, ಅಡ್ಡ ಮಲಗಿದ ಬಾಳೆ, ಆಸರೆ ಕಳೆದುಕೊಂಡು ನೆಲದ ಮೇಲೆ ಮುದ್ದೆಯಾದ ಬಳ್ಳಿ. ಇಡೀ ಮಳೆಗಾಲ ಕೂತು ಬರೆದ ಚಿತ್ರಗಳಲ್ಲಿ ಅದೇ ಚೆಂದದ್ದು. ಅದನ್ನೇ ಆಕೆ ನೋಡಲಾರಳು.

ಮನೆಯಿಂದಲೇ ಪುಸ್ತಕ ಪ್ರಕಟಿಸುವ ಒಬ್ಬ ಹಿರಿಯ ಹೆಂಗಸಿಗೆ, ನಾವು ಅಕ್ಕ ಅನ್ನುತ್ತಿದ್ದವರಿಗೆ, ಅದನ್ನು ಒಯ್ದು ತೋರಿಸಿದೆವು. ಅಕ್ಕ ಸರಿಯಾಗಿ ಆ ಪುಟದ ಮೇಲೆಯೇ ಬೆರಳಿಟ್ಟರು. “ಯಾವುದರೆ ಸಾಲಿಗೆ ಹೋಗಿ ಓದ್ರಿ, ನಾನೂ ಬರ್ತೀನಿ. ಹುಡುಗ್ರು ಇದನ್ನ ತಡಕೊಂಡ್ರ ಅಚ್ಚು ಹಾಕ್ತೀನಿ. ಅತ್ತು ಎದ್ದು ಹೋದ್ರ ಪುಸ್ತಕಾನೇ ಬ್ಯಾಡ.”

“ಆ ಪುಟ ತಗದ್‌ಬಿಡ್ತೀನ್ರಿ ಅಕ್ಕಾ...” ಎಂದು ಸಾರಾ ಶುರುಮಾಡಿದ್ದಳು. “ಓದ್ತೀವ್ರಿ” ಎಂದು ಇಬ್ಬರ ಪರವಾಗಿಯೂ ನಾನೇ ಒಪ್ಪಿಬಿಟ್ಟೆ.

ಅವತ್ತಿನಿಂದಲೇ ಸಾರಾ ನನ್ನೊಂದಿಗೆ ಮಾತು ಬಿಟ್ಟಳು. ಕಮಲಾಪುರದ ಬಸ್ಸಿನಲ್ಲಿ ಪಕ್ಕದಲ್ಲೇ ಕೂತಿದ್ದರೂ ಮುಖ ಕಿಟಕಿಯ ಕಡೆಗೆ. ಇಂಜೆಕ್ಷನ್ನಿಗೆ ಕೂಸನ್ನು ಒಯ್ಯುವ ತಾಯಿಯಂತೆ ಚಿತ್ರಗಳ ಕಟ್ಟನ್ನು ಎದೆಗೆ ಅವಚಿಕೊಂಡಿದ್ದಳು. ನಾನೂ ಸುಮ್ಮನಿದ್ದೆ. ಮೊದಲು ಮಾತಾಡಿದವರನ್ನು ಉಳಿದವರೆಲ್ಲ ಸಾವಕಾಶವಾಗಿ ಹರಿದು ಹಾಕಬಹುದು, ಬೆಲೆ ಇರುವುದು ಕೊನೆಯ ಮಾತಿಗೆ: ಚರ್ಚೆಯಲ್ಲಿ ನಾನು ಕಲಿತ ವಿದ್ಯೆ ಅದು. ಬಸ್ಸಿನಲ್ಲಿ ಅದು ಏನೂ ಕೆಲಸಕ್ಕೆ ಬರಲಿಲ್ಲ.

ತರಗತಿಯಲ್ಲಿ ಸಾರಾ ಚಿತ್ರ ಹಿಡಿದಳು, ನಾನು ಓದಿದೆ. ಅಕ್ಕ ಕೊನೆಯ ಬೆಂಚಿನಲ್ಲಿ, ಗುರುಗಳು ಬಾಗಿಲ ಹತ್ತಿರ. ಬಾಳೆಯ ಜಂಬಕ್ಕೆ ಮಕ್ಕಳು ಬಿದ್ದು ಬಿದ್ದು ನಕ್ಕರು. ಗೊನೆ ಬಂದಾಗ ಚಪ್ಪಾಳೆ ತಟ್ಟಿದರು. ನಾನು ಕುಡುಗೋಲಿನ ಪುಟ ಓದಿದೆ.

ಮುಂದಿನ ಸಾಲಿನ ಒಂದು ಸಣ್ಣ ಹುಡುಗಿಯ ಕೆಳತುಟಿ ನಡುಗತೊಡಗಿತು. “ಸಾಕ್ ಬಿಡ್ರಿ ಮೇಡಂ,” ಎಂದು ಗುರುಗಳು ಒಂದು ಹೆಜ್ಜೆ ಒಳಗೆ ಬಂದರು. ಅಕ್ಕ ಮುಂದಕ್ಕೆ ಬಾಗಿದರು. ನಾನು ಗಡಬಡಿಸಿ ಕೊನೆಯ ಪುಟ ಓದಿದೆ, ದುಃಖಕ್ಕೆ ಮದ್ದೆಂದು ನಾನೇ ಸೇರಿಸಿದ್ದ ಸಾಲು: “ಪಕ್ಕದಲ್ಲಿ ಬಾಳೆಯ ಮರಿ ಎದ್ದಿತ್ತು. ಬಳ್ಳಿ ಅದಕ್ಕೆ ಹಬ್ಬಿತು. ಗೆಳೆತನ ಹಾಗೆಯೇ ಮುಂದುವರಿಯಿತು.”

“ಅದ್ಹೆಂಗ್ರೀ?” ಹಿಂದಿನಿಂದ ಒಂದು ದನಿ ಬಂತು. ಎದ್ದು ನಿಂತವಳು ಭಾಗಮ್ಮ, ಎರಡು ಜಡೆಯ ಕಡ್ಡಿಯಂಥ ಹುಡುಗಿ. “ಕಡಿಯೂದು ಖರೇ ಅದ. ನಮ್ಮ ಹೊಲದಾಗೂ ಕಡೀತಾರ. ಆದ್ರ ಮರಿ ಬ್ಯಾರೆ ಗಿಡ ಅಲ್ರೀ?”

“ಬ್ಯಾರೆ ಹೆಂಗ? ಬೇರು ಒಂದೇ ಅದಲ್ಲ!” ಎಂದು ಪಕ್ಕದ ಸಾಲಿನಿಂದ ಇರ್ಫಾನ್ ಎದ್ದ.

“ಬೇರು ಒಂದಾದ್ರ? ನಾ ಥೇಟ್ ನಮ್ಮ ಅಜ್ಜಿ ಹಂಗ ಇದ್ದೀನಂತ. ಹಂಗಂತ ಅಜ್ಜೀ ಗೆಳತ್ಯಾರೆಲ್ಲ ನನಗ ಗೊತ್ತೇನಲೇ?”

ತರಗತಿ ಎರಡು ಭಾಗವಾಯಿತು. ಬೇರಿನವರು ಒಂದು ಕಡೆ, ಅಜ್ಜಿಯವರು ಒಂದು ಕಡೆ. ತುಟಿ ನಡುಗಿಸುತ್ತಿದ್ದ ಹುಡುಗಿ ಕಣ್ಣೊರೆಸಿಕೊಂಡು ಅಜ್ಜಿಯ ಪಕ್ಷ ಸೇರಿದಳು. ಭಾಗಮ್ಮ ಅಷ್ಟಕ್ಕೇ ಬಿಡಲಿಲ್ಲ. “ಮರೀಗಿ ಈ ಬಳ್ಳಿ ಯಾರಂತ ಗೊತ್ತಿಲ್ರೀ. ಸುಮ್ಮ ಮೈಮ್ಯಾಲ ಹತ್ತಿದ್ರ ಅದು ಬೈತದ. ಮೊದ್ಲು ಮಾತಾಡ್ಸಬೇಕು.”

ಆಗ ಸಾರಾ ಕೇಳಿದಳು, ಅವತ್ತಿನ ಆಕೆಯ ಮೊದಲ ಮಾತು. “ಏನಂತ ಮಾತಾಡ್ಸಬೇಕು?”

“ಹೆಸರು ಕೇಳ್ಬೇಕು!”

“ಏ, ಮೊದ್ಲು ಊಟ ಆತೇನು ಅನ್ಬೇಕಲೇ!”

ಗುರುಗಳೇ ನಕ್ಕುಬಿಟ್ಟರು. ಸಾರಾ ಬೋರ್ಡಿನ ಕಡೆ ತಿರುಗಿ ಸೀಮೆಸುಣ್ಣದಲ್ಲಿ ಒಂದು ಮರಿ ಬರೆದಳು. ಅದರಿಂದ ಗೇಣು ದೂರದಲ್ಲಿ ಬಳ್ಳಿಯ ಒಂದು ಕುಡಿ. ಮುಟ್ಟಿಲ್ಲ, ತಲೆ ಎತ್ತಿ ಏನೋ ಕೇಳುತ್ತಿದೆ.

ಹೊರಗೆ ಬಂದು ಅಕ್ಕ ತೀರ್ಪು ಕೊಟ್ಟರು. “ಕುಡುಗೋಲು ಇರ್ಲಿ. ಬೋರ್ಡಿನ ಮ್ಯಾಲಿನ ಚಿತ್ರ ಕೊನೀಗಿ ಹಾಕ್ರಿ.” ಆಮೇಲೆ ನನ್ನ ಕಡೆ ತಿರುಗಿ, “ನಿನ್ನ ಸಾಲು ಮಾತ್ರ ತಗೀವಾ. ಪುಸ್ತಕದಾಗ ಸುಳ್ಳಂದ್ರ ಅದೊಂದೇ ಅದ.” ಸಾರಾ ದುಪಟ್ಟಾ ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

ಪುಸ್ತಕ ಬಂತು. ಈಗ ಎರಡನೆಯದು ನಡೆದಿದೆ, ಹೀರೆಕಾಯಿ ಮತ್ತು ಅಳಿಲಿನದು. ಅಳಿಲು ಹೀರೆಯ ಹೂವು ತಿಂದೇ ತಿನ್ನುತ್ತದೆ ಎಂದು ನಾನು, ತಿನ್ನದ ಅಳಿಲೂ ಇರುತ್ತದೆ ಎಂದು ಆಕೆ; ಮತ್ತೆ ಮಾತು ಬಿಟ್ಟು ಕೂತಿದ್ದೇವೆ. ವಾದದಲ್ಲಿ ನಾನೇ ಸರಿ, ಈಗಲೂ ಹೇಳುತ್ತೇನೆ. ಆದರೂ ಇವತ್ತು ಆ ಬಾಳೆಹಣ್ಣಿನ ಗಾಡಿ ದಾಟಿ ನಾಲ್ಕು ಹೆಜ್ಜೆ ಹೋದವಳು ನಿಂತು ಫೋನ್ ಹಚ್ಚಿದೆ.

ಸಾರಾ ಎತ್ತಿಕೊಂಡಳು. ಯಾರೆಂದು ಒಳಗಿನಿಂದ ಆಕೆಯ ಅಮ್ಮ ಕೇಳಿದರು: “ಕೌನ್ ಹೈ ಗೇ?”

“ವಹೀಚ್, ಝಗಡೇವಾಲಿ.” ಅದೇ ಜಗಳಗಂಟಿ ಅಂತ ಸಾರಾ ಹೇಳಿದ್ದು ಕೇಳಿಸಿತು.

“ನಾನು,” ಅಂದೆ. ಅದಕ್ಕಿಂತ ಮುಂದೆ ಏನೂ ತಯಾರಿ ಮಾಡಿಕೊಂಡಿರಲಿಲ್ಲ.

“ಬಾ,” ಅಂದಳು. “ಜಗಳ ಇಲ್ಲೇ ಬಂದು ಮಾಡು.”

ಮೋಮಿನಪುರದ ಕಡೆ ಹೊರಟಿದ್ದ ಆಟೋಕ್ಕೆ ಕೈ ಮಾಡಿದೆ.